ಒಂಟಿ ದೋಣಿಯೂ ನೋಡುವ ಕಣ್ಣೂ

ಹೆತ್ತೂರಿನ ಮಳೆಗಾಲವನ್ನು ಕಂಡವರಿಗೆ ನೀರಿನ ವಿಷಯವಾಗಿ ಹೊಸದಾಗಿ ಹೇಳತಕ್ಕದ್ದು ಹೆಚ್ಚೇನೂ ಇಲ್ಲ. ಬಿಸಲೆಯ ದಾರಿಯ ದಿಣ್ಣೆಯ ಮೇಲೆ ಬಿದ್ದ ಮಳೆ ಎರಡು ಪಾಲಾಗಿ, ಒಂದು ಪಾಲು ಕಾವೇರಿಯ ಸೀಮೆಯನ್ನು ಸೇರಿ ಮೂಡಣ ಕಡಲಿಗೂ ಇನ್ನೊಂದು ಕುಮಾರಧಾರೆ ನೇತ್ರಾವತಿಗಳ ಮೂಲಕ ಪಡುವಣ ಕಡಲಿಗೂ ಹೋಗುತ್ತದೆ. ಆದರೆ ಈ ಬೆಟ್ಟಗಳಲ್ಲಿ ನೀರು ಓಡುವುದೇ ಹೊರತು ನಿಲ್ಲುವುದಿಲ್ಲ. ಅದು ನಿಂತು ಹರಡಿಕೊಳ್ಳುವುದನ್ನು ನೋಡಬೇಕಾದರೆ ಕೆಳಗಿಳಿದು, ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಯ ಹಿನ್ನೀರಿಗೆ ಹೋಗಬೇಕು.

ನಮ್ಮ ಪರಿಚಯದ ತರುಣರೊಬ್ಬರು ಮಳೆಗಾಲದ ಕೊನೆಯಲ್ಲಿ ಆ ಹಿನ್ನೀರಿನ ಅಂಚಿನ ಜೌಗಿನಲ್ಲಿ ಕಯಾಕ್ ಎಂಬ ಒಬ್ಬರೇ ಕೂರುವ ದೋಣಿಯನ್ನು ಎರಡು ದಿನ ನಡೆಸಿ, ಕಂಡ ಪಕ್ಷಿಪ್ರಾಣಿಗಳ ವಿಷಯವಾಗಿ ಒಂದು ಪ್ರಬಂಧ ಬರೆದು, ನಮ್ಮ ಅಭಿಪ್ರಾಯವನ್ನು ಕೇಳಿದರು. ಅದನ್ನು ಓದಿದ ತರುವಾಯ ಎದ್ದ ಕೆಲವು ಆಲೋಚನೆಗಳನ್ನು ವಾಚಕರ ಮುಂದಿಡುತ್ತೇವೆ. ಏಕೆಂದರೆ ಆ ಹಸ್ತಪ್ರತಿಯ ದೋಷ ಅವರೊಬ್ಬರದಲ್ಲ. ಈಚಿನ ಕನ್ನಡ ಪ್ರಕೃತಿಲೇಖನಗಳಲ್ಲಿ ಬಹುಪಾಲಿಗೆ ಅಂಟಿದ್ದು.

ಮೊದಲು ದೋಣಿಯ ಮಾತು. ನಮ್ಮ ನಾಡಿನ ಹರಿಗೋಲು ಹತ್ತು ಜನರ ವಾಹನ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸನು, ಒಳಗೆ ಬೆತ್ತ ಹೊರಗೆ ತೊಗಲು ಇದ್ದ ಬುಟ್ಟಿಯಂತಹ ದೋಣಿಗಳು ಹದಿನೈದು ಇಪ್ಪತ್ತು ಮಂದಿಯನ್ನು ಹೊರುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಕಯಾಕವೂ ಮೂಲದಲ್ಲಿ ತೊಗಲಿನದೇ. ಉತ್ತರಧ್ರುವದ ಸಮೀಪದ ಇನ್ಯುಯಿಟ್ ಜನರು ಮರದ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಮಾಡಿಕೊಂಡದ್ದು. ಆದರೆ ಹರಿಗೋಲು ಹೊಳೆ ದಾಟುವುದಕ್ಕಾಗಿ ಹುಟ್ಟಿತು, ಕಯಾಕ ಬೇಟೆಗಾಗಿ ಹುಟ್ಟಿತು. ಸದ್ದಿಲ್ಲದೆ ಪ್ರಾಣಿಯ ಸಮೀಪಕ್ಕೆ ಹೋಗುವುದೇ ಅದರ ಗುಣ. ಇಂದು ಅದರಲ್ಲಿ ಕುಳಿತವನ ಕೈಯಲ್ಲಿ ಈಟಿಯ ಬದಲು ದುರ್ಬೀನು ಇದೆ ಎಂದ ಮಾತ್ರಕ್ಕೆ ದೋಣಿಯ ಸ್ವಭಾವ ಬದಲಾಗಲಿಲ್ಲ.

ನಮ್ಮ ಸಾಹಿತ್ಯದಲ್ಲಿ ದೋಣಿ ಇಲ್ಲವೆ? ಧಾರಾಳವಾಗಿದೆ. ರಾಮಾಯಣದ ಗುಹನಿಂದ ಹಿಡಿದು ದಾಸರ ಪದಗಳವರೆಗೆ ದೋಣಿಯೂ ಅಂಬಿಗನೂ ಬರುತ್ತಲೇ ಇದ್ದಾರೆ. ಆದರೆ ಅಲ್ಲೆಲ್ಲ ಕುಳಿತವನು ಬೇರೆ, ಹುಟ್ಟು ಹಾಕುವವನು ಬೇರೆ. ದಾಸರಲ್ಲಂತೂ ದೇಹವೇ ದೋಣಿ, ಹರಿಯೇ ಅಂಬಿಗ. ರಂಗನತಿಟ್ಟಿನಲ್ಲಿ ನಾವು ಇಂದಿಗೂ ಹಾಗೆಯೇ ಪಕ್ಷಿಗಳನ್ನು ನೋಡುತ್ತೇವೆ: ಹುಟ್ಟು ಹಾಕುವವನು ಇನ್ನೊಬ್ಬ. ಒಂಟಿ ದೋಣಿಯವನಿಗೆ ಈ ಅನುಕೂಲವಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹತ್ತಿರ ಹೋಗಬೇಕು ಎಂಬುದೆಲ್ಲ ಅವನ ತೀರ್ಮಾನ. ಹಿಂಡು ಎದ್ದು ಹಾರಿದರೆ ಹೊಣೆಯೂ ಅವನದೇ.

ತರುಣಮಿತ್ರರ ಪ್ರಬಂಧದಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಹಕ್ಕಿಗಳ ಹೆಸರುಗಳಿವೆ. ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಮಿಂಚುಳ್ಳಿ, ನಾಮದ ಕೋಳಿ ಇತ್ಯಾದಿ. ಹೆಸರುಗಳ ನಡುನಡುವೆ 'ರಮಣೀಯ', 'ಅವರ್ಣನೀಯ' ಎಂಬ ವಿಶೇಷಣಗಳು. (ಅವರ್ಣನೀಯವಾದುದನ್ನು ವರ್ಣಿಸಲು ಎಂಟು ಪುಟಗಳು ಏತಕ್ಕೆ ಬೇಕಾದವೋ ತಿಳಿಯದು.) ಚಂಪೂಕಾವ್ಯಗಳ ಕೊಳದ ವರ್ಣನೆಯಲ್ಲಿ ಹಂಸ ಚಕ್ರವಾಕಗಳು ಹೇಗೆ ತಪ್ಪದೆ ಬರುತ್ತಿದ್ದವೋ, ಹೊಸ ಲೇಖನಗಳಲ್ಲಿ ಈ ಪಟ್ಟಿ ಹಾಗೆ ತಪ್ಪದೆ ಬರುತ್ತದೆ. ಅಂದಿನ ಕವಿ ಕಾಣದ ಹಕ್ಕಿಯನ್ನು ಬರೆದನು, ಇಂದಿನವರು ಕಂಡದ್ದನ್ನೇ ಬರೆಯುತ್ತಾರೆ, ನಿಜ. ಆದರೆ ಎರಡರಲ್ಲಿಯೂ ನೋಡಿದವನು ಎಲ್ಲಿ ಇದ್ದ, ಅವನಿಂದ ಅಲ್ಲಿ ಏನಾಯಿತು ಎಂಬುದು ಕಾಣಬರುವುದಿಲ್ಲ.

ಈ ವಿಷಯದಲ್ಲಿ ನಮ್ಮ ಹಳೆಯ ಗ್ರಂಥವೊಂದು ಹೊಸಬರನ್ನು ಮೀರಿಸಿದೆ. ಬಾಣನ ಕಾದಂಬರಿಯನ್ನು ಸುಮಾರು ಸಾವಿರ ವರ್ಷಗಳ ಹಿಂದೆ ನಾಗವರ್ಮನು ಕನ್ನಡಕ್ಕೆ ತಂದನಷ್ಟೆ. ಅದರಲ್ಲಿ ಪಂಪಾಸರಸ್ಸಿನ ದಡದ ಬೂರುಗದ ಮರದ ಕಥೆಯನ್ನು ಹೇಳುವುದು ಗಿಳಿ. ಬೇಟೆಯವರ ಗದ್ದಲ, ಹಿಂದೆ ಉಳಿದ ಮುದಿ ಬೇಡನು ಮರ ಹತ್ತಿ ಗಿಳಿಗಳನ್ನು ಕೊಂದು ಕೆಡಹುವುದು, ರೆಕ್ಕೆಯಡಿಯಲ್ಲಿ ಮರಿಯನ್ನು ಮುಚ್ಚಿಕೊಂಡ ತಂದೆಯ ಸಾವು, ಒಣಗಿದ ಎಲೆಗಳ ಮೇಲೆ ಬಿದ್ದ ಮರಿ ಬಾಯಾರಿ ನೀರಿನ ಕಡೆಗೆ ತೆವಳುವುದು, ಇವೆಲ್ಲವೂ ಗೂಡಿನ ಕಡೆಯಿಂದ ಕಂಡ ಸಂಗತಿಗಳು. ಅಲ್ಲಿ ನೋಡುವುದು ಹಕ್ಕಿ. ನೋಟಕ್ಕೆ ಸಿಕ್ಕವನು ಮನುಷ್ಯ.

ಈಚಿನವರಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಈ ಮರ್ಮವನ್ನು ಅರಿತಿದ್ದರು. ಹೇಮಾವತಿಯ ಮೇಲಣ ಸೀಮೆಯಾದ ಮೂಡಿಗೆರೆಯಲ್ಲಿ ನೆಲಸಿ, ಮೀನು ಹಿಡಿಯುತ್ತ ಹಕ್ಕಿಗಳ ಚಿತ್ರ ತೆಗೆಯುತ್ತ ಬರೆದ ಅವರ 'ಪರಿಸರದ ಕತೆ'ಯಲ್ಲಿ ಲೇಖಕನೂ ಎಡವುವ, ಪೇಚಿಗೆ ಸಿಕ್ಕುವ ಒಂದು ಪ್ರಾಣಿ. ಆ ಪುಸ್ತಕದ ಹಾಸ್ಯವನ್ನು ಅನುಕರಿಸಿದವರು ಬಹುಮಂದಿ; ಅದರ ಪ್ರಾಮಾಣಿಕತೆಯನ್ನು ಅನುಸರಿಸಿದವರು ಕಡಮೆ.

ನಾಮದ ಕೋಳಿಯನ್ನೇ ತೆಗೆದುಕೊಳ್ಳಿ. ಅದು ಕುಳಿತಲ್ಲಿಂದ ನೆಟ್ಟಗೆ ಏಳಲಾರದು. ನೀರಿನ ಮೇಲೆ ಬಹುದೂರ ಕಾಲು ಬಡಿಯುತ್ತ ಓಡಿದ ಮೇಲೆಯೇ ರೆಕ್ಕೆಗೆ ಗಾಳಿ ಸಿಕ್ಕುವುದು. ದಡದಿಂದ ನೋಡುವವನಿಗೆ ಅದು ಚೆಂದದ ನೋಟ, ಹಕ್ಕಿಗೆ ಮಾತ್ರ ದುಬಾರಿ ಶ್ರಮ. ಮಿತ್ರರು ತಮ್ಮ ದೋಣಿ ಜೊಂಡಿನ ತಿರುವನ್ನು ದಾಟಿದೊಡನೆ ಇಂತಹ ದೊಡ್ಡ ಹಿಂಡೊಂದು ಹೀಗೆ ಓಡಿ ಎದ್ದುಹೋಯಿತೆಂದೂ, ಸಂಜೆಯವರೆಗೆ ಕಾದರೂ ಹಿಂದಿರುಗಲಿಲ್ಲವೆಂದೂ ಎರಡು ಪಂಕ್ತಿಗಳಲ್ಲಿ ಬರೆದು, ಬಳಿಕ ಅಳಿಸಿಬಿಟ್ಟಿದ್ದರು. ಕಾಗದವನ್ನು ಬೆಳಕಿಗೆ ಹಿಡಿದು ಓದಿದೆವು. ಇಡೀ ಪ್ರಬಂಧದಲ್ಲಿ ಜೀವವಿದ್ದದ್ದು ಅಲ್ಲಿ. ಏಕೆ ಅಳಿಸಿದಿರಿ ಎಂದು ಕೇಳಿದ್ದಕ್ಕೆ, ಓದುವವರು ತಪ್ಪು ತಿಳಿದಾರು ಎಂದರು.

ಇನ್ನೊಂದು ಕೊರತೆ ದೋಣಿಯ ಕೆಳಗಿನದು. ಗೊರೂರಿನ ಅಣೆ ಮುಗಿದದ್ದು 1979ರಲ್ಲಿ. ಅದರಲ್ಲಿ ನಿಲ್ಲುವ ನೀರು ಸುಮಾರು 37 ಟಿ.ಎಂ.ಸಿ. ಅದರ ಅಡಿಯಲ್ಲಿ ಗದ್ದೆಗಳೂ ಹಳ್ಳಿಗಳೂ ಇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿಯ ಗೋಡೆಗಳು ನೀರು ಏರಿದಾಗ ಮುಳುಗಿ ಇಳಿದಾಗ ಕಾಣುವುದನ್ನು ನಮ್ಮ ಜಿಲ್ಲೆಯಲ್ಲಿ ಯಾರು ಅರಿಯರು? 1930ರಲ್ಲಿ 'ಹಳ್ಳಿಯ ಚಿತ್ರಗಳು' ಗ್ರಂಥವನ್ನು ಪ್ರಕಟಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಈ ನದಿಯ ದಡದ ಬಾಳನ್ನು ಕನ್ನಡಕ್ಕೆ ಕೊಟ್ಟರು. ತಮ್ಮ ಊರಿನ ಅಣೆಯನ್ನೂ ಬದುಕಿದ್ದು ಕಂಡರು. ಅವರ ಕನ್ನಡವನ್ನು ಓದಿ ಬೆಳೆದವನು ಅದೇ ನೀರಿನ ಮೇಲೆ ತೇಲುತ್ತ, ನೀರುಕಾಗೆಗಳು ರೆಕ್ಕೆ ಒಣಗಿಸುತ್ತ ಕುಳಿತ ಸತ್ತ ಮರವನ್ನು 'ಪ್ರಕೃತಿಯ ಶಿಲ್ಪ'ವೆಂದು ಕರೆಯಬಹುದೆ? ಅದು ಯಾರದೋ ಹಿತ್ತಲ ಮರವಾಗಿದ್ದಿರಬಹುದು.

ಇಷ್ಟರಿಂದ ಹಕ್ಕಿಗಳು ಅಲ್ಲಿರುವುದು ತಪ್ಪೆಂದಾಗಲಿ, ನೋಡುವುದು ಪಾಪವೆಂದಾಗಲಿ ನಮ್ಮ ಅಭಿಪ್ರಾಯವಲ್ಲ. ಮನುಷ್ಯನ ಕಟ್ಟೆ ಹಕ್ಕಿಗೆ ನೆಲೆಯಾದದ್ದುಂಟು. ರಂಗನತಿಟ್ಟಿನ ನಡುಗಡ್ಡೆಗಳು ಹದಿನೇಳನೆಯ ಶತಮಾನದ ಕಟ್ಟೆಯಿಂದಲೇ ಉಂಟಾದವು. 1940ರಲ್ಲಿ ಸಲೀಂ ಅಲಿಯವರು ಅಲ್ಲಿ ಗೂಡುಗಳನ್ನು ಕಂಡು ರಕ್ಷಣೆಗಾಗಿ ಮೈಸೂರಿನ ಅರಸರನ್ನು ಒಪ್ಪಿಸಿದರು. 2022ರಲ್ಲಿ ಅದು ರಾಮ್ಸಾರ್ ತಾಣವೂ ಆಯಿತು. ಗೊರೂರಿನ ಹಿನ್ನೀರಿಗೂ ತನ್ನ ಲೇಖಕನು ಬರಬಹುದು.

ಹಸ್ತಪ್ರತಿಯನ್ನು ಹಿಂದಿರುಗಿಸಿದ್ದೇವೆ. ವಿಶೇಷಣಗಳಿಗೆ ಗುರುತು ಹಾಕುವ ಗೋಜಿಗೆ ಹೋಗಲಿಲ್ಲ. ಅಳಿಸಿದ ಆ ಎರಡು ಪಂಕ್ತಿಗಳ ಪಕ್ಕದಲ್ಲಿ ಮಾತ್ರ ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆದಿದ್ದೇವೆ.