ಎರಡು ಸಾಲಿನ ಲೆಕ್ಕ, ಇಡೀ ದಿನದ ಯೋಚನೆ

ಕಪಾಟಿನಲ್ಲಿ ಪುಷ್ಕಿನ್ ಕೃತಿಗಳ ಎರಡು ಸಂಪುಟಗಳು ಅಕ್ಕಪಕ್ಕ ನಿಂತಿವೆ. ಎಡಕ್ಕೆ ಮೊದಲನೆಯದು, ಬಲಕ್ಕೆ ಎರಡನೆಯದು. ಒಂದೊಂದರ ಹಾಳೆಗಳ ದಪ್ಪ 2 ಸೆಂಟಿಮೀಟರ್, ಒಂದೊಂದು ರಟ್ಟಿನ ದಪ್ಪ 2 ಮಿಲಿಮೀಟರ್. ಪುಸ್ತಕದ ಹುಳು ಮೊದಲ ಸಂಪುಟದ ಮೊದಲ ಪುಟದಿಂದ ಎರಡನೆಯ ಸಂಪುಟದ ಕೊನೆಯ ಪುಟದವರೆಗೆ ನೇರವಾಗಿ ಕೊರೆದುಕೊಂಡು ಹೋಯಿತು. ಅದು ಕೊರೆದ ದೂರ ಎಷ್ಟು?

ರಷ್ಯದ ಗಣಿತಜ್ಞ ವ್ಲಾದಿಮಿರ್ ಅರ್ನಾಲ್ಡ್ 2004ರ ವಸಂತದಲ್ಲಿ ಪ್ಯಾರಿಸ್ಸಿನಲ್ಲಿ ಬರೆದ 77 ಲೆಕ್ಕಗಳ ಕಿರುಹೊತ್ತಗೆಯಲ್ಲಿ ಇದು 13ನೆಯದು. ಪುಸ್ತಕದ ಹೆಸರು ‘5ರಿಂದ 15 ವರ್ಷದ ಮಕ್ಕಳಿಗೆ ಲೆಕ್ಕಗಳು’. ಉತ್ತರ 4 ಮಿಲಿಮೀಟರ್ ಎಂದು ಅರ್ನಾಲ್ಡ್ ಲೆಕ್ಕದ ಜೊತೆಗೇ, ಆವರಣದಲ್ಲಿ, ಬಿಟ್ಟುಕೊಡುತ್ತಾರೆ. ಆದರೂ ಲೆಕ್ಕ ಸಪ್ಪೆಯಾಗುವುದಿಲ್ಲ. ಅಷ್ಟು ದಪ್ಪದ ಎರಡು ಸಂಪುಟ ಇರುವಾಗ ಬರೀ 4 ಮಿಲಿಮೀಟರ್ ಹೇಗೆ ಎಂಬ ತಕರಾರು ಉತ್ತರ ಕೇಳಿದ ಮೇಲೆಯೇ ಶುರುವಾಗುತ್ತದೆ.

ಎರಡು ಪುಸ್ತಕಗಳನ್ನು ಬೆನ್ನು ನಮ್ಮ ಕಡೆ ಬರುವಂತೆ ಮೇಜಿನ ಮೇಲೆ ನಿಲ್ಲಿಸಿದರೆ ಗೊತ್ತಾಗುತ್ತದೆ. ಹಾಗೆ ನಿಂತ ಪುಸ್ತಕದ ಮುಖಪುಟ ಬಲಗಡೆ ಇರುತ್ತದೆ, ಹಿಂಬದಿಯ ರಟ್ಟು ಎಡಗಡೆ. ಅಂದರೆ ಮೊದಲ ಸಂಪುಟದ ಮೊದಲ ಪುಟವೂ ಎರಡನೆಯ ಸಂಪುಟದ ಕೊನೆಯ ಪುಟವೂ ಎದುರುಬದುರು. ನಡುವೆ ಎರಡೇ ರಟ್ಟು. ಹುಳು ಹಾಳೆಗಳನ್ನು ಮುಟ್ಟಲೇ ಇಲ್ಲ. ಕನ್ನಡ ಪುಸ್ತಕಗಳಿಗೂ ಇದೇ ಉತ್ತರ. ಆದರೆ ಕಲಬುರಗಿಯಲ್ಲೋ ಬೀದರಿನಲ್ಲೋ ಉರ್ದು ಮಾಧ್ಯಮದ ಮಗು, ಬಲದಿಂದ ಎಡಕ್ಕೆ ಓದುವ ಎರಡು ಉರ್ದು ಸಂಪುಟಗಳನ್ನು ಇದೇ ಕ್ರಮದಲ್ಲಿ ನಿಲ್ಲಿಸಿದರೆ? ಆಗ ಮುಖಪುಟ ಎಡಗಡೆ ಬರುತ್ತದೆ. ಹುಳು ಎರಡೂ ಪುಸ್ತಕಗಳ ಹಾಳೆಗಳನ್ನೆಲ್ಲ ಕೊರೆದು, ನಡುವಿನ ಎರಡು ರಟ್ಟನ್ನೂ ದಾಟಬೇಕು. 44 ಮಿಲಿಮೀಟರ್! ಪುಷ್ಕಿನ್ ಸಂಪುಟಗಳಿಗೆ ಸಾಮಾನ್ಯವಾಗಿ ಎಲ್ಲರೂ ಹೇಳುವ ತಪ್ಪು ಉತ್ತರ ಇಲ್ಲಿ ಸರಿಯುತ್ತರವಾಗುತ್ತದೆ.

ಚುಟುಕು ಲೆಕ್ಕಗಳನ್ನು ತೂಗಲು ನಾನು ಹಿಡಿಯುವ ಅಳತೆ ಇದೇ. ಉತ್ತರ ಹೇಳಿಬಿಟ್ಟ ಮೇಲೂ ಪ್ರಶ್ನೆಗೆ ಜೀವ ಇದೆಯೇ? ಈ ಅಳತೆಗೆ ಅರ್ನಾಲ್ಡ್ ಅವರ ಪುಸ್ತಕ ಬಹುಮಟ್ಟಿಗೆ ನಿಲ್ಲುತ್ತದೆ. ಎಲ್ಲ ಕಡೆ ನಿಲ್ಲುವುದಿಲ್ಲ.

ಅರ್ನಾಲ್ಡ್ (1937–2010) ಸಾಮಾನ್ಯರಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಗಣಿತಜ್ಞ ಕೊಲ್ಮೊಗೊರೊವ್ ಅವರ ಶಿಷ್ಯನಾಗಿ, ಗಣಿತಜ್ಞ ಹಿಲ್ಬರ್ಟ್ ಮುಂದಿಟ್ಟಿದ್ದ ಹೆಸರಾಂತ ಸಮಸ್ಯೆಗಳಲ್ಲಿ 13ನೆಯದನ್ನು ಬಿಡಿಸಿದವರು. ಫ್ರಾನ್ಸಿನ ಶಾಲೆಗಳು ಗಣಿತವನ್ನು ವಸ್ತುಜಗತ್ತಿನಿಂದ ಕಿತ್ತು ಬರೀ ವ್ಯಾಖ್ಯೆಗಳ ಸರಮಾಲೆ ಮಾಡಿವೆ ಎಂದು 1997ರಲ್ಲಿ ಪ್ಯಾರಿಸ್ಸಿನಲ್ಲೇ ನಿಂತು ಕಟುವಾಗಿ ಹೇಳಿದವರು. ಎರಡಕ್ಕೆ ಮೂರು ಕೂಡಿದರೆ ಎಷ್ಟೆಂದು ಕೇಳಿದರೆ, ಮೂರಕ್ಕೆ ಎರಡು ಕೂಡಿದಷ್ಟು, ಏಕೆಂದರೆ ಸಂಕಲನ ಪರಿವರ್ತನೀಯ ಎಂದು ಉತ್ತರಿಸಿದ ಫ್ರೆಂಚ್ ಹುಡುಗನ ಪ್ರಸಂಗ ಆ ಭಾಷಣದ್ದು. ಅಲ್ಲಿನ ರಷ್ಯನ್ ಕುಟುಂಬಗಳು ತಮ್ಮ ಮಕ್ಕಳಿಗೆ ಯೋಚಿಸುವ ಅಭ್ಯಾಸ ಬೆಳೆಸಿಕೊಡಿ ಎಂದು ಕೇಳಿದ್ದರಿಂದ ಈ ಪುಸ್ತಕ ಹುಟ್ಟಿತು.

ಮೊದಲ ಲೆಕ್ಕವನ್ನೇ ನೋಡಿ. ವರ್ಣಮಾಲೆಯ ಪುಸ್ತಕ ಕೊಳ್ಳಲು ಮಾಷಾಗೆ 7 ಕೊಪೆಕ್ ಕಮ್ಮಿ, ಮಿಷಾಗೆ 1 ಕೊಪೆಕ್ ಕಮ್ಮಿ. ಇಬ್ಬರೂ ದುಡ್ಡು ಒಟ್ಟುಗೂಡಿಸಿದರೂ ಒಂದು ಪುಸ್ತಕಕ್ಕೆ ಸಾಲಲಿಲ್ಲ. ಬೆಲೆ ಎಷ್ಟು? ಹೈಸ್ಕೂಲಿನ ಹುಡುಗ ತಕ್ಷಣ ‘x ಎಂದಿರಲಿ’ ಎಂದು ಶುರುಮಾಡುತ್ತಾನೆ. ಚಿಕ್ಕ ಹುಡುಗಿ ಯೋಚಿಸುವ ರೀತಿ ಬೇರೆ. ಮಿಷಾಗೆ ಬೇಕಾದದ್ದು ಒಂದೇ ಒಂದು ನಾಣ್ಯ. ಅದನ್ನೂ ಮಾಷಾ ಕೊಡಲಾಗಲಿಲ್ಲ ಎಂದರೆ ಅವಳ ಕೈ ಖಾಲಿ. ಖಾಲಿ ಕೈಯವಳಿಗೆ 7 ಕಮ್ಮಿ ಎಂದರೆ ಬೆಲೆಯೇ 7. ಇದರಲ್ಲಿ ಬೀಜಗಣಿತ ಇಲ್ಲ, ತರ್ಕ ಮಾತ್ರ ಪೂರ್ತಿ ಇದೆ. ಕೊಪೆಕ್‌ಗಿಂತ ಚಿಕ್ಕ ನಾಣ್ಯವಿಲ್ಲ ಎಂಬುದನ್ನು ಲೆಕ್ಕ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಮಕ್ಕಳಿಗೆ ಹೇಳುವಾಗ ರೂಪಾಯಿ ನಾಣ್ಯದಲ್ಲಿ ಹೇಳಿದರೆ ಕೆಲಸ ನಡೆಯುತ್ತದೆ.

ಪುಸ್ತಕದ ಇನ್ನೊಂದು ಲೆಕ್ಕ: ಪೀಪಾಯಿಯ ವೈನ್‌ನಿಂದ ಒಂದು ಚಮಚ ತೆಗೆದು ಚಹಾದ ಲೋಟಕ್ಕೆ, ಲೋಟದ ಮಿಶ್ರಣದಿಂದ ಅಷ್ಟೇ ಚಮಚ ಮರಳಿ ಪೀಪಾಯಿಗೆ. ಚಹಾದಲ್ಲಿ ಸೇರಿದ ವೈನ್ ಹೆಚ್ಚೋ, ವೈನ್‌ನಲ್ಲಿ ಸೇರಿದ ಚಹಾ ಹೆಚ್ಚೋ? ಎರಡೂ ಸಮ. ಈ ಲೆಕ್ಕ ಹಳೆಯದು, ಎಷ್ಟೋ ಪುಸ್ತಕಗಳಲ್ಲಿದೆ. ಅರ್ನಾಲ್ಡ್ ಮಾಡಿದ್ದು ಒಂದು ಸಣ್ಣ ಸೇರಿಕೆ. ಮಿಶ್ರಣ ಸರಿಯಾಗಿ ಬೆರೆತಿಲ್ಲ ಎಂದು ಆವರಣದಲ್ಲಿ, ಆಶ್ಚರ್ಯಚಿಹ್ನೆ ಹಾಕಿ, ಬರೆದರು. ಅಷ್ಟರಿಂದ ಭಿನ್ನರಾಶಿಯ ದಾರಿ ಮುಚ್ಚಿಹೋಯಿತು. ಚಮಚದಲ್ಲಿ ಎಷ್ಟು ಪಾಲು ವೈನ್, ಎಷ್ಟು ಪಾಲು ಚಹಾ ಎಂದು ಲೆಕ್ಕಹಾಕುವಂತೆಯೇ ಇಲ್ಲ. ಉಳಿಯುವುದು ಒಂದೇ ದಾರಿ: ಕೊನೆಗೆ ಲೋಟದಲ್ಲೂ ಪೀಪಾಯಿಯಲ್ಲೂ ಮೊದಲಿದ್ದಷ್ಟೇ ದ್ರವ ಇದೆ, ಹಾಗಾದರೆ ಪೀಪಾಯಿಯಿಂದ ಹೋದ ವೈನ್‌ನ ಜಾಗವನ್ನು ತುಂಬಿದ್ದು ಅಷ್ಟೇ ಚಹಾ. ಆವರಣದೊಳಗಿನ ಆ ಮಾತು ಗಣಿತ ಗೊತ್ತಿರುವವನ ಕಲೆ.

ಅದೇ ಪುಸ್ತಕದ ಬಾಟಲಿ–ಬಿರಡೆಯ ಲೆಕ್ಕಕ್ಕೆ ಈ ಗುಣವಿಲ್ಲ. ಬಾಟಲಿ, ಬಿರಡೆ ಎರಡೂ ಸೇರಿ 10 ಡಾಲರ್, ಬಾಟಲಿಯ ಬೆಲೆ ಬಿರಡೆಗಿಂತ 9 ಡಾಲರ್ ಹೆಚ್ಚು, ಬಾಟಲಿಯೊಂದಕ್ಕೆ ಎಷ್ಟು? ಒಂಬತ್ತು ಎಂದು ಬಾಯಿ ತಪ್ಪುತ್ತದೆ, ಒಂಬತ್ತೂವರೆ ಎಂದು ತಿದ್ದಿಕೊಳ್ಳುತ್ತೇವೆ, ಅಲ್ಲಿಗೆ ಮುಗಿಯಿತು. ಇದೇ ಜಾತಿಯ ಲೆಕ್ಕವನ್ನು ಬ್ಯಾಟು–ಚೆಂಡಿನ ರೂಪದಲ್ಲಿ ಸಂಶೋಧಕ ಶೇನ್ ಫ್ರೆಡರಿಕ್ 2005ರಲ್ಲಿ ಮೂರು ಪ್ರಶ್ನೆಗಳ ಪರೀಕ್ಷೆಯೊಂದಕ್ಕೆ ಸೇರಿಸಿದರು. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಅನೇಕರು ಎಡವಿದರು. ಮೊದಲು ಹೊಳೆದ ಉತ್ತರವನ್ನು ಜನ ಎಷ್ಟರಮಟ್ಟಿಗೆ ಪರಿಶೀಲಿಸುತ್ತಾರೆ ಎಂದು ಅಳೆಯಲು ಅದು ಒಳ್ಳೆಯ ಸಾಧನ. ತರಗತಿಯಲ್ಲಿ ಅಳೆಯುವುದಲ್ಲ, ಬೆಳೆಸುವುದು ನಮ್ಮ ಕೆಲಸ. ಎಡವಿದ ಮಗುವಿಗೆ ಹಿಡಿದುಕೊಳ್ಳಲು ಆ ಲೆಕ್ಕದಲ್ಲಿ ಏನೂ ಇಲ್ಲ. ಸುತ್ತಲಿನವರ ನಗು ಮಾತ್ರ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಬಾಳೆಹಣ್ಣು, ಸೇಬು ಚಿತ್ರಗಳ ‘ಹತ್ತು ಸೆಕೆಂಡಿನಲ್ಲಿ ಉತ್ತರಿಸಿ’ ಲೆಕ್ಕಗಳೂ ಇದೇ ಸಾಲಿಗೆ ಸೇರುತ್ತವೆ. ಇಂಥವನ್ನು ಕಂಡೇ ಗಣಿತವೆಂದರೆ ಚುರುಕಾದವರ ಮೋಸದಾಟ ಎಂದು ಎಷ್ಟೋ ಮಕ್ಕಳು ದೂರ ಸರಿಯುತ್ತಾರೆ.

ಆರನೆಯ ಲೆಕ್ಕ ಅಮೆರಿಕದ ಪರೀಕ್ಷೆಯೊಂದರದು ಎಂದು ಅರ್ನಾಲ್ಡ್ ಹೇಳುತ್ತಾರೆ. ಲಂಬಕೋನ ತ್ರಿಭುಜದ ವಿಕರ್ಣ 10 ಅಂಗುಲ, ಅದರ ಮೇಲೆ ಎಳೆದ ಎತ್ತರ 6 ಅಂಗುಲ, ವಿಸ್ತೀರ್ಣ ಎಷ್ಟು? ಅಲ್ಲಿನ ಮಕ್ಕಳು ವರ್ಷಗಟ್ಟಲೆ 30 ಎಂದು ಬರೆದರಂತೆ. ಮಾಸ್ಕೋದಿಂದ ಬಂದ ಮಕ್ಕಳಿಗೆ ಮಾತ್ರ ಉತ್ತರಿಸಲಾಗಲಿಲ್ಲವಂತೆ. ಕತೆಯಲ್ಲಿ ಸ್ವದೇಶಾಭಿಮಾನದ ಬಣ್ಣ ಜಾಸ್ತಿ. ಲೆಕ್ಕ ಮಾತ್ರ ಅಪ್ಪಟ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯ ನಮ್ಮ ಹೈಸ್ಕೂಲಿನಲ್ಲೂ ಇದೆ. ವಿಕರ್ಣವನ್ನೇ ವ್ಯಾಸ ಮಾಡಿ ವೃತ್ತ ಎಳೆದರೆ ಮೂರನೆಯ ಶೃಂಗ ಆ ವೃತ್ತದ ಮೇಲೇ ಇರಬೇಕು, ಹಾಗಾಗಿ ಎತ್ತರ ತ್ರಿಜ್ಯವನ್ನು, ಅಂದರೆ 5 ಅಂಗುಲವನ್ನು, ಮೀರುವಂತಿಲ್ಲ. ಅಂಥ ತ್ರಿಭುಜವೇ ಇಲ್ಲ. ಪ್ರಮೇಯವನ್ನು ಬಾಯಿಪಾಠ ಒಪ್ಪಿಸುವ ಮಗುವೂ ಸೂತ್ರ ಕಂಡೊಡನೆ ಗುಣಿಸಿಬಿಡುತ್ತದೆ. 1979ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹೀಗೆ ಕೇಳಿದ್ದರು: ಹಡಗಿನಲ್ಲಿ 26 ಕುರಿ, 10 ಆಡು ಇವೆ, ಕಪ್ತಾನನ ವಯಸ್ಸೆಷ್ಟು? ಹೆಚ್ಚಿನ ಮಕ್ಕಳು ಕೊಟ್ಟ ಸಂಖ್ಯೆಗಳಿಂದಲೇ ಒಂದು ವಯಸ್ಸು ಹೊರಡಿಸಿದರು. ಮಕ್ಕಳು ದಡ್ಡರೆಂದಲ್ಲ, ಪ್ರಶ್ನೆ ಬಂದರೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಸಂಖ್ಯೆಯನ್ನೆಲ್ಲ ಬಳಸಲೇಬೇಕು ಎಂದು ಶಾಲೆ ಅವರಿಗೆ ಕಲಿಸಿತ್ತು. ಆರನೆಯ ಲೆಕ್ಕ ಈ ನಂಬಿಕೆಯ ಬೇರಿಗೇ ಕೈಹಾಕುತ್ತದೆ.

ಇನ್ನು ಐದನೆಯದು. ಇಬ್ಬರು ಅಜ್ಜಿಯರು ಸೂರ್ಯೋದಯಕ್ಕೆ ಸರಿಯಾಗಿ ಎರಡು ಊರುಗಳಿಂದ ಒಂದೇ ದಾರಿಯಲ್ಲಿ ಎದುರುಬದುರಾಗಿ ಹೊರಟರು. ನಡಿಗೆಯ ವೇಗ ಬದಲಿಸಲಿಲ್ಲ. ನಡುಹಗಲು ಹನ್ನೆರಡಕ್ಕೆ ದಾರಿಯಲ್ಲಿ ಸಂಧಿಸಿ, ನಿಲ್ಲದೆ ಮುಂದೆ ನಡೆದು, ಒಬ್ಬಾಕೆ ಸಂಜೆ 4ಕ್ಕೆ, ಇನ್ನೊಬ್ಬಾಕೆ ರಾತ್ರಿ 9ಕ್ಕೆ ಊರು ಮುಟ್ಟಿದರು. ಸೂರ್ಯ ಹುಟ್ಟಿದ್ದು ಎಷ್ಟು ಹೊತ್ತಿಗೆ? 1949ರಲ್ಲಿ ಮೊರೊಜ್‌ಕಿನ್ ಎಂಬ ಮೇಷ್ಟ್ರು ತರಗತಿಯಲ್ಲಿ ಈ ಲೆಕ್ಕ ಕೊಟ್ಟರು, ಬಾಲಕ ಅರ್ನಾಲ್ಡ್ ಇಡೀ ದಿನ ಅದನ್ನೇ ಯೋಚಿಸಿದ. ಮುಂದೆ ಎಷ್ಟು ದೊಡ್ಡ ಸಮಸ್ಯೆ ಬಿಡಿಸಿದಾಗಲೂ ಆದ ಆನಂದ ಅಂದಿನದರಂತೆಯೇ ಇತ್ತು ಎಂದು ಅವರು ಸಂದರ್ಶನದಲ್ಲಿ ನೆನೆದಿದ್ದಾರೆ. ದೂರ ಕೊಟ್ಟಿಲ್ಲ, ವೇಗ ಕೊಟ್ಟಿಲ್ಲ. ನಮ್ಮ ಮಕ್ಕಳು ಮೊದಲು ಕೇಳುವುದು ಅವನ್ನೇ. ಬೇಕಾದದ್ದು ಹಳೆಯ ತ್ರೈರಾಶಿಕ ಮಾತ್ರ. ಸಂಧಿಸಿದ ಜಾಗದ ಈಚೆಗಿನ ದಾರಿಯನ್ನು ಮೊದಲ ಅಜ್ಜಿ ಬೆಳಗಿನ ಅಷ್ಟೂ ಗಂಟೆಗಳಲ್ಲಿ ನಡೆದರೆ ಎರಡನೆಯಾಕೆ ಅದಕ್ಕೆ 9 ಗಂಟೆ ತೆಗೆದುಕೊಂಡಳು. ಆಚೆಗಿನ ದಾರಿಗೆ ಮೊದಲಾಕೆಗೆ 4 ಗಂಟೆ, ಎರಡನೆಯಾಕೆಗೆ ಬೆಳಗಿನ ಅಷ್ಟೂ ಗಂಟೆ. ವೇಗದ ಅನುಪಾತ ಎರಡೂ ಕಡೆ ಒಂದೇ ಆದ್ದರಿಂದ, ಬೆಳಗಿನ ಗಂಟೆಗಳಿಗೂ ಒಂಬತ್ತಕ್ಕೂ ಇರುವ ನಂಟು ನಾಲ್ಕಕ್ಕೂ ಬೆಳಗಿನ ಗಂಟೆಗಳಿಗೂ ಇದೆ. ನಾಲ್ಕೊಂಬತ್ಲಿ ಮೂವತ್ತಾರು, ಬೆಳಗಿನ ನಡಿಗೆ ಆರು ಗಂಟೆ, ಸೂರ್ಯೋದಯ ಆರಕ್ಕೆ. ಓದಿದ ಮೇಲೆ ಸುಲಭ. ಓದುವ ಮುಂಚಿನ ಒಂದು ದಿನವನ್ನು ಮಗುವಿಗೆ ಯಾರು ಕೊಡುತ್ತಾರೆ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮೇಷ್ಟ್ರು ಐದು ನಿಮಿಷ ಕಾದು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರೆ ಈ ಲೆಕ್ಕವೂ ಬಾಟಲಿಯ ಲೆಕ್ಕವೂ ಒಂದೇ.

ಲೆಕ್ಕವನ್ನು ಚಿಕ್ಕ ಮಾತಿನಲ್ಲಿ ಕಟ್ಟುವುದು ನಮಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದ ತುಂಬ ಪದ್ಯರೂಪದ ಲೆಕ್ಕಗಳಿವೆ, ಸೊಗಸಾಗಿವೆ. ಆದರೆ ಅಲ್ಲಿ ಮೊದಲು ಸೂತ್ರ, ಆಮೇಲೆ ಅದಕ್ಕೆ ಉದಾಹರಣೆಗಳು. ಯಾವ ಆಯುಧ ಎತ್ತಿಕೊಳ್ಳಬೇಕು ಎಂಬುದು ವಿದ್ಯಾರ್ಥಿಗೆ ಮೊದಲೇ ಗೊತ್ತಿರುತ್ತದೆ. ನಮ್ಮ ಇಂದಿನ ಪಠ್ಯಪುಸ್ತಕದ ಅಭ್ಯಾಸಗಳೂ ಆ ಕ್ರಮದವೇ. ಅರ್ನಾಲ್ಡ್ ಸೂತ್ರವನ್ನು ತೆಗೆದುಹಾಕಿ ಲೆಕ್ಕವನ್ನು ಮಾತ್ರ ಕೈಗಿಡುತ್ತಾರೆ. ಎರಡೂ ಬೇಕು, ಎರಡನೆಯದು ನಮ್ಮಲ್ಲಿ ತೀರಾ ಕಮ್ಮಿ.

ಪುಸ್ತಕದ ದೊಡ್ಡ ಕೊರತೆ ಅದರ ಜೋಡಣೆಯದು. ಮೊದಲ ಹದಿಮೂರು ಲೆಕ್ಕಗಳ ಆಚೆ ಏರು ಕಡಿದಾಗುತ್ತ ಹೋಗಿ, ಕೊನೆಕೊನೆಯವು ಕಾಲೇಜಿನ ಗಣಿತಕ್ಕೇ ಕಾಲಿಡುತ್ತವೆ. ಹದಿನೈದರ ಮಕ್ಕಳಿಗೆ ಅವು ಎಂಬುದನ್ನು ನಾನು ಒಪ್ಪಲಾರೆ. ಇಂಥ ಲೆಕ್ಕಗಳನ್ನು ಐದು ವರ್ಷದ ಮಕ್ಕಳು ದೊಡ್ಡ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಬಿಡಿಸುತ್ತಾರೆ, ಎಲ್ಲರಿಗಿಂತ ಹಿಂದೆ ಬೀಳುವವರು ನೊಬೆಲ್ ಪುರಸ್ಕೃತರು ಎಂಬ ಮುನ್ನುಡಿಯ ಮಾತೂ ಅತಿಯಾಯಿತು. ಹುಳುವಿನ ಲೆಕ್ಕಕ್ಕೆ ಅದು ಹೊಂದೀತು, ಪುಸ್ತಕವನ್ನು ವಸ್ತುವಾಗಿ ಹಿಡಿದು ಆಡಿದ ಮಗುವಿಗೆ ಅದರ ಮುಂದು–ಹಿಂದು ಕೈಗೇ ಗೊತ್ತು. ಅಜ್ಜಿಯರ ಲೆಕ್ಕಕ್ಕೆ ಹೊಂದುವುದಿಲ್ಲ. ಅನುಪಾತ ಗೊತ್ತಿಲ್ಲದ ಮಗುವಿನ ಮುಂದೆ ಅದನ್ನಿಟ್ಟು ಪವಾಡ ಕಾಯುವುದು ಮಗುವಿಗೆ ಮಾಡುವ ಅನ್ಯಾಯ.

ಪುಸ್ತಕ ಇಡಿಯಾಗಿ ನಮ್ಮ ಶಾಲೆಗೆ ಬರಬೇಕಿಲ್ಲ. ಕನ್ನಡದಲ್ಲಿ ಇಪ್ಪತ್ತು ಲೆಕ್ಕಗಳ ಒಂದು ಆಯ್ಕೆ ಬಂದರೆ ಸಾಕು. ಪ್ರತಿ ಲೆಕ್ಕದ ಕೆಳಗೆ, ಮಗು ಉತ್ತರ ಹೇಳಿದ ಮೇಲೆ ಮೇಷ್ಟ್ರು ಮುಂದೆ ಏನು ಕೇಳಬಹುದು ಎಂಬ ನಾಲ್ಕು ಸಾಲು ಇರಲಿ. ವಾರಕ್ಕೊಂದು ಕೊಟ್ಟು, ಅಂಕದ ಮಾತೆತ್ತದೆ, ಮುಂದಿನ ವಾರದವರೆಗೆ ಉತ್ತರ ಹೇಳದೆ ಇರುವುದು ಸಾಧ್ಯವಿರುವ ಶಾಲೆಗಳು ಇವೆ. ಆ ಇಪ್ಪತ್ತರಲ್ಲಿ ಅಜ್ಜಿಯರು, ಹುಳು, ಚಹಾದ ಲೋಟ, ಇಲ್ಲದ ತ್ರಿಭುಜ ಇರಲೇಬೇಕು. ಬಾಟಲಿ–ಬಿರಡೆ ಬೇಡ.