ಶ್ರುತಿಗೆ ಬರುವ ನ್ಯಾನೊ ಲೇಸರ್

ಪ್ಲಾಸ್ಮಾನಿಕ್ ಲೇಸರ್‌ಗಳ ಮೇಲಿನ ದೂರು ಹಳೆಯದು: ಅವುಗಳಲ್ಲಿರುವ ಲೋಹ ಬೆಳಕನ್ನು ನುಂಗಿಹಾಕುತ್ತದೆ. ದೂರು ಸುಳ್ಳಲ್ಲ. ಡೇವಿಡ್ ಬರ್ಗ್‌ಮನ್ ಮತ್ತು ಮಾರ್ಕ್ ಸ್ಟಾಕ್‌ಮನ್ 2003ರಲ್ಲಿ ಇಂಥ ಲೇಸರಿಗೆ ‘ಸ್ಪೇಸರ್’ ಎಂದು ಹೆಸರಿಟ್ಟು ಮುಂದಿಟ್ಟ ಕಲ್ಪನೆ 2009ರಲ್ಲಿ ಪ್ರಯೋಗಕ್ಕೆ ದಕ್ಕಿತು. ಆಗ ಕಂಡದ್ದು ಬರೀ 44 ನ್ಯಾನೊಮೀಟರಿನ ಕಣ: ಒಳಗೆ ಚಿನ್ನದ ತಿರುಳು, ಸುತ್ತ ಬಣ್ಣದ ಅಣುಗಳನ್ನು ಹುದುಗಿಸಿಕೊಂಡ ಸಿಲಿಕಾ ಚಿಪ್ಪು. ಅದು ಸೂಸಿದ ಹಸಿರು ಬೆಳಕಿನ ತರಂಗಾಂತರ 531 ನ್ಯಾನೊಮೀಟರ್. ಅಂದರೆ ಲೇಸರೇ ತನ್ನ ಬೆಳಕಿನ ಅಲೆಯ ಹನ್ನೆರಡರಲ್ಲಿ ಒಂದು ಪಾಲು. ಇಷ್ಟು ಕಿರಿದಾದದ್ದಕ್ಕೆ ತೆತ್ತ ಬೆಲೆಯೂ ದೊಡ್ಡದೇ. ಕಂಪನವನ್ನು ಎಷ್ಟು ಹೊತ್ತು ಹಿಡಿದಿಡಬಲ್ಲದು ಎಂದು ಅಳೆಯುವ ಕ್ಯೂ ಅಂಶ ಹೀಲಿಯಂ–ನಿಯಾನ್ ಲೇಸರಿನಲ್ಲಿ ಹತ್ತು ಕೋಟಿಯ ಮಟ್ಟದ್ದಾದರೆ, ಇಲ್ಲಿ ಹತ್ತಾರಷ್ಟೇ. ಆದರೆ ಹೊರಗಿನ ಬೆಳಕಿನೊಡನೆ ಶ್ರುತಿಗೂಡಿಸುವ ಕೆಲಸಕ್ಕೆ ಈ ದೋಷವೇ ಅನುಕೂಲ ಎಂಬುದು ನನ್ನ ವಾದ.

ರೇಡಿಯೊ ಆಂದೋಲಕಗಳಿಗಾಗಿ ರಾಬರ್ಟ್ ಆಡ್ಲರ್ 1946ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಆಧಾರ. 1966ರಲ್ಲಿ ಸ್ಟೋವರ್ ಮತ್ತು ಸ್ಟೈಯರ್ ಒಂದು ಲೇಸರಿನ ಬೆಳಕನ್ನು ಇನ್ನೊಂದರೊಳಗೆ ಹಾಯಿಸಿ, ಈ ಬಗೆಯ ಶ್ರುತಿಗೂಡಿಕೆ ಲೇಸರಿಗೂ ಸಾಧ್ಯವೆಂದು ತೋರಿಸಿದರು. ಸೂತ್ರದ ತಿರುಳು ಸರಳ: ಕ್ಯೂ ಕಡಿಮೆಯಾದಷ್ಟೂ ಹೊರಗಿನ ಆವರ್ತಾಂಕಕ್ಕೆ ಹೊಂದಿಕೊಳ್ಳುವ ವ್ಯಾಪ್ತಿ ಹಿಗ್ಗುತ್ತದೆ. ಒಳಹೊಕ್ಕ ಬೆಳಕಿನ ಶಕ್ತಿ ಲೇಸರಿನ ಸ್ವಂತ ಶಕ್ತಿಯ ಹತ್ತು ಸಾವಿರದಲ್ಲೊಂದು ಎಂದಿಟ್ಟುಕೊಳ್ಳಿ. ಹೀಲಿಯಂ–ನಿಯಾನ್ ಲೇಸರ್ ಆ ಕಡೆಗೋ ಈ ಕಡೆಗೋ ಸುಮಾರು 24 ಕಿಲೋಹರ್ಟ್ಸ್ ಸರಿದೀತು. ಕ್ಯೂ 15 ಇರುವ ಕಣವಾದರೆ ಸುಮಾರು 190 ಗಿಗಾಹರ್ಟ್ಸ್. ತಯಾರಿಕೆಯಲ್ಲಿ ಒಂದು ಕಣದಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ ಈ ಧಾರಾಳತನಕ್ಕೆ ಬೆಲೆಯಿದೆ.

ಹೊರಗಿನ ಬೆಳಕು ಹೇಗೂ ಇರುವಾಗ ಈ ಪುಟ್ಟ ಲೇಸರ್ ಯಾಕೆ ಬೇಕು ಎಂದು ಕೇಳಬಹುದು. ಆ ಬೆಳಕನ್ನು ಗಾಳಿಯಲ್ಲಿ ಯಾವ ಮಸೂರ ಕೂಡಿಸಿದರೂ ಚುಕ್ಕೆ 265 ನ್ಯಾನೊಮೀಟರಿನ ಆಸುಪಾಸಿಗಿಂತ ಕಿರಿದಾಗದು. ಕಣ ಅದನ್ನು ತನ್ನ ಗಾತ್ರಕ್ಕೇ ಇಳಿಸುತ್ತದೆ. ಅಲ್ಲದೆ ಒಂದೇ ಕಿರಣದ ಕೆಳಗೆ ನೂರು ಕಣ ಒಟ್ಟಾಗಿ ಮಿಡಿದರೆ, ಅಲೆಗಳು ಕೂಡುವ ದಿಕ್ಕಿನಲ್ಲಿ ತೀವ್ರತೆ ಒಂದು ಕಣದ್ದರ ಹತ್ತು ಸಾವಿರ ಪಟ್ಟಾಗುತ್ತದೆ. ತಮ್ಮ ತಮ್ಮ ಪಾಡಿಗೆ ಬೆಳಗಿದರೆ ನೂರೇ ಪಟ್ಟು. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಕ್ಯೂ ಕುಗ್ಗಿದಂತೆ ಗದ್ದಲವೂ ಏರುತ್ತದೆ, ಕ್ಷೀಣ ಬೆಳಕಿನ ಆಜ್ಞೆ ಅದರಲ್ಲಿ ಮುಳುಗಿಹೋದೀತು. ಒಪ್ಪಲೇಬೇಕು. ಸ್ಪೇಸರಿಗೆಂದೇ 2011ರಲ್ಲಿ ಪ್ರಕಟವಾದ ಲೆಕ್ಕಾಚಾರವೂ ಹೊರಬೆಳಕು ಒಂದು ಹೊಸ್ತಿಲನ್ನು ದಾಟಬೇಕೆಂದೇ ಹೇಳುತ್ತದೆ. ಆದರೆ ಅದು ಬೆಳಕಿನ ಪ್ರಮಾಣದ ಪ್ರಶ್ನೆ; ತತ್ತ್ವವನ್ನೇ ಅಲ್ಲಗಳೆಯುವುದಿಲ್ಲ. ಹಾಗಾಗಿ ಹೊಸ ನ್ಯಾನೊ ಲೇಸರಿನ ಸುದ್ದಿ ಬಂದಾಗ ಅದು ಒಂಟಿಯಾಗಿ ಎಷ್ಟು ಶುದ್ಧ ಬೆಳಕು ಕೊಡುತ್ತದೆ ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ಕಡಿಮೆ ಬೆಳಕಿಗೆ, ಎಷ್ಟು ಅಗಲದಲ್ಲಿ ಮಾತು ಕೇಳುತ್ತದೆ ಎಂದೂ ಕೇಳಬೇಕು.