ಹೊನ್ನಾಳಿಯ ಇರುಳಲ್ಲಿ ಒಂದು ಚಿಟಿಕೆ ಮಂಜು

ನೀಹಾರವೆಂದರೆ ಮಂಜು; ನೀಹಾರಿಕೆ ಆಕಾಶದ ಮಂಜು. ಹೊನ್ನಾಳಿಯಲ್ಲಿ ಗ್ರಹೀಯ ನೀಹಾರಿಕೆ ನೋಡಬೇಕೆನ್ನುವವರು ಮೊದಲು ಹೊಳೆದಂಡೆ ಬಿಟ್ಟು ದೂರ ಸರಿಯಬೇಕು. ತುಂಗಭದ್ರೆಯ ಇಬ್ಬನಿ ಮಸೂರದ ಮೇಲೆ ಕೂತರೆ ಆಕಾಶದ ಮಂಜು ಕಾಣದು. ಊರದೀಪ, ನೀರು ನಿಂತ ಗದ್ದೆ ಎರಡನ್ನೂ ದಾಟಿ ಒಂದು ಒಣ ದಿಣ್ಣೆ ಹುಡುಕಿ. ದೀಪಾವಳಿಗೆ ಮುಂಚಿನ ವಾರ ಒಳ್ಳೆಯದು: ಸಂಜೆ ಚಂದ್ರನಿಲ್ಲ, ಪಟಾಕಿ ಹೊಗೆಯೂ ಇನ್ನೂ ಎದ್ದಿರುವುದಿಲ್ಲ.

ಏಳೂವರೆಗೆ ವಾಯವ್ಯದಲ್ಲಿ ಹೊಳೆಯುವುದು ಅಭಿಜಿತ್ ನಕ್ಷತ್ರ. ಅದರ ತುಸು ಮೇಲಿನ ಎರಡು ನಕ್ಷತ್ರಗಳ ನಡುವೆ ಎಂ57 ಎಂಬ ಗ್ರಹೀಯ ನೀಹಾರಿಕೆ ಇದೆ; ದೂರದರ್ಶಕದಲ್ಲಿ ಪುಟ್ಟ ಹೊಗೆಯುಂಗುರ. ಬೈನಾಕ್ಯುಲರ್ ಮಾತ್ರ ಇದ್ದವರು ಎಂ27 ಎಂಬ ಇನ್ನೊಂದನ್ನು ಹಿಡಿಯಲಿ. ಶರ ಎಂಬ ಚಿಕ್ಕ ಪುಂಜದ ಬಾಣದ ತುದಿಯಿಂದ ಉತ್ತರಕ್ಕೆ ಮೂರು ಡಿಗ್ರಿ. 1764ರಲ್ಲಿ ಖಗೋಳಜ್ಞ ಮೆಸಿಯೇ ಕಂಡದ್ದು ಇದನ್ನೇ. ಗ್ರಹಕ್ಕೂ ಇದಕ್ಕೂ ನಂಟಿಲ್ಲ. ದುಂಡಗೆ ಕಂಡದ್ದರಿಂದ ವಿಲಿಯಂ ಹರ್ಷೆಲ್ ಕೊಟ್ಟ ‘ಗ್ರಹೀಯ’ ಎಂಬ ಹೆಸರು ಉಳಿದುಬಂತು. ವಾಸ್ತವದಲ್ಲಿ ಇದು ಸೂರ್ಯನಂಥ ನಕ್ಷತ್ರ ಕೊನೆಗಾಲದಲ್ಲಿ ಕಳಚಿದ ಹೊರಮೈ.

ಈ ಮಂಜನ್ನು ನೇರ ದಿಟ್ಟಿಸಿದರೆ ಅದು ಮಾಯ. ನೋಟವನ್ನು ಕೊಂಚ ಪಕ್ಕಕ್ಕೆ ಸರಿಸಿ, ಆಗ ಮೂಡಿಬರುತ್ತದೆ. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಕಣ್ಣಿನ ನಡುವಿಲ್ಲ, ಸುತ್ತಲಿವೆ. ಅವಕ್ಕೆ ಹದ ಬರಲು ಅರ್ಧ ಗಂಟೆ ಬೇಕು. ಮೊಬೈಲ್ ಒಮ್ಮೆ ಬೆಳಗಿದರೆ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಕಾಗದ ಕಟ್ಟುವುದು ಆ ಕೋಶಗಳಿಗೆ ಕೆಂಪು ಕಾಣದೆಂದೇ. ಫೋಟೋದಲ್ಲಿ ಕಾಣುವ ಜಲಜನಕದ ಕೆಂಪು ಅಂಚು ನಿಮಗೆ ಕಾಣದಿರುವುದೂ ಇದೇ ಕಾರಣಕ್ಕೆ. ಆದರೆ ಆಮ್ಲಜನಕದ ಹಸಿರು ಬೆಳಕು 500.7 ನ್ಯಾನೋಮೀಟರಿನದು, ಕತ್ತಲಿಗೆ ಪಳಗಿದ ಕಣ್ಣು ಅತಿ ಚುರುಕಾಗಿರುವುದು ಅದರ ಆಸುಪಾಸಿನಲ್ಲೇ. ಆ ಹಸಿರೂ ಬೂದಾಗಿಯೇ ಕಂಡರೆ ಬೇಸರಪಡಬೇಡಿ. 1864ರಲ್ಲಿ ಖಗೋಳಜ್ಞ ಹಗ್ಗಿನ್ಸ್ ಇಂಥದೊಂದು ನೀಹಾರಿಕೆಯ ಬೆಳಕನ್ನು ಒಡೆದು ನೋಡಿ, ಇದು ನಕ್ಷತ್ರಗಳ ಗುಂಪಲ್ಲ, ಅನಿಲ ಎಂದು ಅರಿತದ್ದು ಕಣ್ಣಿನ ಸಾಕ್ಷಿಯಿಂದಲೇ. ಹಾಗೆ ಒಡೆದ ಬೆಳಕಿನಲ್ಲಿ ಕಂಡ ಹಸಿರು ಗೆರೆ ಆಮ್ಲಜನಕದ್ದೆಂದು ಭೌತವಿಜ್ಞಾನಿ ಬೋವೆನ್ ಬಿಡಿಸಿದ್ದು 1927ರಲ್ಲಿ.

ಕ್ಯಾಮೆರಾ ಆಮೇಲೆ. 200 ಮಿ.ಮೀ. ಲೆನ್ಸು, ಗಟ್ಟಿ ಸ್ಟ್ಯಾಂಡು ಇದ್ದರೆ ಎಂ27 ಸಿಗುತ್ತದೆ. ಎಂ57 ಅದರಲ್ಲಿ ಬರೀ ಚುಕ್ಕೆ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಗೆರೆಯಾಗದಂತೆ ಒಂದೊಂದು ಫೋಟೋಕ್ಕೆ 1 ಸೆಕೆಂಡು ಸಾಕು. ಹಾಗೆ 300 ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿ. ಸಾಮಾನ್ಯ ಕ್ಯಾಮೆರಾ ಜಲಜನಕದ ಆ ಕೆಂಪನ್ನು ಬಹುಪಾಲು ಸೋಸಿಬಿಡುತ್ತದೆ, ಹಾಗಾಗಿ ಚಿತ್ರ ನೀಲಿಹಸಿರಾಗಿಯೇ ಬಂದೀತು.

ಶಟರ್ ಒತ್ತುವ ಮುನ್ನ ಮಾತ್ರ, ಕಂಡಷ್ಟನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ. ಸಾವಿರ ವರ್ಷಕ್ಕೂ ಹಿಂದೆ ಹೊರಟ ಬೆಳಕು ಆ ಇರುಳು ಮೊದಲು ನಿಮ್ಮ ಕಣ್ಣಿಗೇ ಬೀಳಲಿ.